ಪಿತ್ತಕೋಶವಿಲ್ಲದವರಿಗೆ ಎಣ್ಣೆ ವರ್ಜ್ಯವೇ?

ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ಬಳಿಕ ನಮ್ಮ ತಾಯಿಯವರು ಹಬ್ಬದ ಹೋಳಿಗೆಗೂ ತುಪ್ಪ ಮುಟ್ಟದಾದರು. ದಿನೇ ದಿನೇ ಕೃಶರಾದರು. ಅವರ ಅಂಜಿಕೆ ನಮ್ಮದೂ ಆಗಿತ್ತು. ವೈದ್ಯರನ್ನು ಕೇಳಿದಾಗಲೇ ನಮಗೆ ನಿಜ ತಿಳಿಯಿತು. ದಿನಕ್ಕೆ ಅರ್ಧ ಲೀಟರಿಗೂ ಮಿಕ್ಕಿ ಪಿತ್ತರಸವನ್ನು ತಯಾರಿಸುವುದು ಯಕೃತ್ತು. ಪಿತ್ತಕೋಶ ಅದನ್ನು ಕೂಡಿಡುವ ಚೀಲ ಮಾತ್ರ. ಚೀಲ ಹೋದರೂ ರಸವು ಕರುಳಿಗೆ ಸದಾ ಹನಿಯುತ್ತಲೇ ಇರುತ್ತದೆ. ಆದುದರಿಂದ ಜಿಡ್ಡನ್ನು ಒಮ್ಮೆಲೇ ಹೆಚ್ಚು ಸೇವಿಸದೆ ಊಟ ಊಟಕ್ಕೂ ಹಂಚಿಕೊಳ್ಳಬೇಕು. ಮೊದಲ ಕೆಲವು ವಾರ ಭಜಿ, ಪೂರಿಗಳಂತಹ ಕರಿದ ತಿನಿಸು ಬೇಡ. ಬಳಿಕ ರೊಟ್ಟಿಯೊಡನೆ 1 ಚಮಚ ಶೇಂಗಾ ಹಿಂಡಿ, ಪಲ್ಯಕ್ಕೆ ತುಸು ಕುಸುಬಿ ಎಣ್ಣೆಯಿಂದ ಆರಂಭಿಸಬಹುದು. ಎ, ಡಿ, ಇ, ಕೆ ಜೀವಸತ್ವಗಳು ಮೈಗೂಡಲು ಜಿಡ್ಡು ಅವಶ್ಯ. ಭೇದಿ ನಿಲ್ಲದಿದ್ದರೆ, ಜ್ವರ, ಕಾಮಾಲೆ, ತೀವ್ರ ಹೊಟ್ಟೆನೋವು ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಇಂದು ತಾಯಿಯವರ ಹೋಳಿಗೆಯ ಮೇಲೆ ಅರ್ಧ ಚಮಚ ತುಪ್ಪವಿದೆ.