ಚಿಕ್ಕ ಆನೆಯ ದೊಡ್ಡ ಖರ್ಚು

ಟೊಮೆಟೊ ಸುಗ್ಗಿಯ ಕಾಲದಲ್ಲಿ ಕೋಲಾರದ ಎಪಿಎಂಸಿ ಪ್ರಾಂಗಣಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಸಾಲುಗಟ್ಟಿ ನಿಂತ ಪಿಕಪ್ ಗಾಡಿಗಳು, ಟೊಮೆಟೊ ಆಮೇಲೆ. ಹದಿನೈದು ಕಿಲೋ ಹಿಡಿಯುವ ಕ್ರೇಟುಗಳನ್ನು ಆಳೆತ್ತರಕ್ಕೆ ಪೇರಿಸಿಕೊಂಡು ಬರುವ ಈ ಗಾಡಿಗಳ ಮುಂದಿನ ಗಾಜಿನ ಮೇಲೆ ದೇವರ ಹೆಸರು, ಹಿಂದೆ ಮಕ್ಕಳ ಹೆಸರು. ನೋಂದಣಿ ಪುಸ್ತಕ ತೆರೆದು ನೋಡಿದರೆ ಮಾತ್ರ ಮೂರನೆಯ ಹೆಸರೊಂದು ಕಾಣುತ್ತದೆ: ಸಾಲ ಕೊಟ್ಟ ಬ್ಯಾಂಕಿನದೋ ಫೈನಾನ್ಸ್ ಕಂಪನಿಯದೋ.

ಪಿಯುಸಿ ಅಥವಾ ಐಟಿಐ ಮುಗಿಸಿದ ಮಗ 'ಒಂದು ಗಾಡಿ ಕೊಡಿಸಿ, ದುಡಿದು ತೀರಿಸುತ್ತೇನೆ' ಎಂದು ಹಟ ಹಿಡಿಯುವುದು, ತಾಯಿಯ ಬಳೆ ಅಡವಿಗೆ ಹೋಗುವುದು, ತಂದೆ ಜಾಮೀನು ಕಾಗದಕ್ಕೆ ಸಹಿ ಹಾಕುವುದು ಇಂದು ಎಷ್ಟೋ ಮನೆಗಳ ಕಥೆ. ಹಟದಲ್ಲಿ ತಪ್ಪೇನಿಲ್ಲ. ಆದರೆ ಷೋರೂಮಿನಲ್ಲಿ ಹೇಳುವ ಬೆಲೆ ಗಾಡಿಯ ನಿಜವಾದ ಖರ್ಚಿನ ಒಂದು ಭಾಗವಷ್ಟೆ. ಉಳಿದದ್ದನ್ನು ತಿಳಿಯಲು ಹೈಸ್ಕೂಲಿನ ಗಣಿತ ಮತ್ತು ವಿಜ್ಞಾನ ಸಾಕು.

2.25 ಲಕ್ಷದಿಂದ ಮುಂದಕ್ಕೆ

ಒಂದು ಕಾಲಕ್ಕೆ ಸಣ್ಣ ಸರಕು ಸಾಗಿಸಲು ಇದ್ದವು ಮೂರು ಚಕ್ರದ ಲಗೇಜ್ ಆಟೊ, ಮೆಟಡೋರ್ ಮತ್ತು 1986ರಲ್ಲಿ ಬಂದ ಟಾಟಾ 407. ಆಟೊ ಚಿಕ್ಕದಾಯಿತು, 407 ದೊಡ್ಡದಾಯಿತು ಎನ್ನುವವರಿಗಾಗಿ 2005ರ ಮೇ ತಿಂಗಳಲ್ಲಿ ಟಾಟಾ ಕಂಪನಿ 'ಏಸ್' ಎಂಬ ಪುಟ್ಟ ಗಾಡಿಯನ್ನು ಬಿಟ್ಟಿತು. ಷೋರೂಮ್ ಬೆಲೆ ಸುಮಾರು 2.25 ಲಕ್ಷ ರೂಪಾಯಿ. ಎರಡೇ ಸಿಲಿಂಡರಿನ, 702 ಸಿಸಿಯ, 16 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಇಂಡಿಕಾ ಕಾರಿನ ನಾಲ್ಕು ಸಿಲಿಂಡರಿನ ಎಂಜಿನನ್ನು ಹೆಚ್ಚುಕಡಿಮೆ ಅರ್ಧಕ್ಕೆ ಕತ್ತರಿಸಿದಂತೆ! ಗಿರೀಶ್ ವಾಘ್ ಎಂಬ ಯುವ ಎಂಜಿನಿಯರ್ ಈ ಯೋಜನೆಯ ಮುಂದಾಳು. ಜನ ಇದಕ್ಕೆ 'ಛೋಟಾ ಹಾಥಿ' ಎಂದು ಹೆಸರಿಟ್ಟರು. ಚಿಕ್ಕ ಆನೆಯೆಂದು ಕರೆದವರಿಗೆ ಅದು ತಿನ್ನುವ ಮೇವಿನ ಅಂದಾಜು ಆಗ ಇತ್ತೋ ಇಲ್ಲವೋ.

ಅದೇ ಕುಟುಂಬದ ಡೀಸೆಲ್ ಗಾಡಿ 'ಏಸ್ ಗೋಲ್ಡ್ ಪ್ಲಸ್' 2025ರ ಸೆಪ್ಟೆಂಬರಿನಲ್ಲಿ ಬಂದಾಗ ಬೆಲೆ 5.52 ಲಕ್ಷ. ಇಪ್ಪತ್ತು ವರ್ಷದಲ್ಲಿ ಸುಮಾರು ಎರಡೂವರೆ ಪಟ್ಟು. ಚಕ್ರಬಡ್ಡಿಯ ಸೂತ್ರ ಬಲ್ಲ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸರಾಸರಿ ಶೇ 4.6ರ ಏರಿಕೆ ಎಂದು ತಿಳಿಯುತ್ತದೆ. ಗಾಬರಿಯಾಗುವಂಥದ್ದೇನೂ ಅಲ್ಲ. ಅಂದಿನ ಗಾಡಿಗೂ ಇಂದಿನದಕ್ಕೂ ವ್ಯತ್ಯಾಸವೂ ಬಹಳ. ಆದರೆ ರೈತರು, ವ್ಯಾಪಾರಿಗಳು ಈಗ ಕೇಳುವುದು ಇನ್ನೂ ದೊಡ್ಡ ಗಾಡಿಯನ್ನು. ಮಹೀಂದ್ರದ ಬೊಲೆರೊ ಮ್ಯಾಕ್ಸ್ ಪಿಕಪ್ ಸರಣಿ 2023ರ ಏಪ್ರಿಲಿನಲ್ಲಿ ಬಂದಾಗ ಅದರ ಆರಂಭದ ಬೆಲೆಯೇ 7.85 ಲಕ್ಷ. ನೋಂದಣಿ, ತೆರಿಗೆ, ವಿಮೆ, ಮೈ ಕಟ್ಟಿಸುವ ಖರ್ಚು ಇದರ ಮೇಲೆ.

ಹೊಗೆ ಶುದ್ಧವಾಯಿತು, ಬೆಲೆ ಏರಿತು

ಬೆಲೆ ಏರಲು ಉಕ್ಕು, ಕೂಲಿ, ತೆರಿಗೆ ಎಲ್ಲವೂ ಕಾರಣ. ಆದರೆ ಗಾಡಿಯ ಒಳಗೇ ಕೂತಿರುವ ಒಂದು ಕಾರಣ ರಸಾಯನಶಾಸ್ತ್ರದ್ದು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರುವ ಹೊಸ ವಾಹನಗಳೆಲ್ಲ ಭಾರತ್ ಸ್ಟೇಜ್ 6 ನಿಯಮಕ್ಕೆ ಒಳಪಟ್ಟವು. ನಾಲ್ಕರಿಂದ ಐದಕ್ಕೆ ಹೋಗದೆ ನೇರವಾಗಿ ಆರಕ್ಕೆ ಜಿಗಿದದ್ದು ಇದರ ವಿಶೇಷ. ಡೀಸೆಲ್ ಕಾರುಗಳ ಲೆಕ್ಕದಲ್ಲಿ ಹೇಳುವುದಾದರೆ, ಕಿಲೋಮೀಟರಿಗೆ ಉಗುಳಬಹುದಾದ ನೈಟ್ರೋಜನ್ ಆಕ್ಸೈಡುಗಳ ಮಿತಿ 0.25 ಗ್ರಾಮಿನಿಂದ 0.08 ಗ್ರಾಮಿಗೆ ಇಳಿಯಿತು. ಮಸಿಯ ಮಿತಿ ಇನ್ನೂ ಕಟ್ಟುನಿಟ್ಟು.

ಈ ಹೊಗೆಯನ್ನು ಶುದ್ಧ ಮಾಡುವುದು ವೇಗವರ್ಧಕ. ಪ್ಲಾಟಿನಂ, ಪಲ್ಲಾಡಿಯಂನಂಥ ದುಬಾರಿ ಲೋಹಗಳ ತೆಳು ಲೇಪ ಹೊತ್ತ ಜೇನುಗೂಡಿನಂಥ ಪಾತ್ರೆ ಅದು. ಗಂಧಕಕ್ಕೂ ಅದಕ್ಕೂ ಆಗದು. ಗಂಧಕ ತಾಗಿದರೆ ಲೋಹದ ಮೇಲ್ಮೈ ಕೆಲಸ ಮಾಡುವುದಿಲ್ಲ. ಹಾಗಾಗಿ ಮೊದಲು ಇಂಧನವನ್ನೇ ತೊಳೆಯಬೇಕಾಯಿತು. ಡೀಸೆಲಿನಲ್ಲಿ ಹತ್ತು ಲಕ್ಷಕ್ಕೆ 50 ಭಾಗದಷ್ಟಿದ್ದ ಗಂಧಕವನ್ನು 10 ಭಾಗಕ್ಕೆ ಇಳಿಸಲು ಮಂಗಳೂರಿನ ಎಂಆರ್‌ಪಿಎಲ್ ಸೇರಿದಂತೆ ದೇಶದ ತೈಲ ಶುದ್ಧೀಕರಣಾಗಾರಗಳು ದೊಡ್ಡ ಬಂಡವಾಳ ಹೂಡಬೇಕಾಯಿತು.

ಹೊಸ ಡೀಸೆಲ್ ಎಂಜಿನಿನಲ್ಲಿ ಇಂಧನ ಚಿಮ್ಮುವುದು ಸಾವಿರ ವಾಯುಮಂಡಲಕ್ಕೂ ಮೀರಿದ ಒತ್ತಡದಲ್ಲಿ. ಎಷ್ಟು ಚಿಮ್ಮಬೇಕು, ಯಾವಾಗ ಚಿಮ್ಮಬೇಕು ಎಂದು ಹೇಳುವುದು ಒಂದು ಪುಟ್ಟ ಕಂಪ್ಯೂಟರು. ಮಸಿ ಹಿಡಿಯುವ ಸೋಸುಗ ಇರುವ ಗಾಡಿಗಳಲ್ಲಿ ಆ ಮಸಿಯನ್ನು ಆಗಾಗ 550-600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ತೆಗೆಯಬೇಕು. ಅಷ್ಟು ಶಾಖ ಬರಲು ಗಾಡಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ದಿನವಿಡೀ ಪೇಟೆಯ ಬೀದಿಗಳಲ್ಲಿ ಮೂರು ಮೂರು ಕಿಲೋಮೀಟರು ಓಡಿ ನಿಲ್ಲುವ ಗಾಡಿಯಲ್ಲಿ ಇದು ಕಟ್ಟಿಕೊಳ್ಳುತ್ತದೆ, ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ಹಿಂದೆ ಊರ ಮೆಕ್ಯಾನಿಕ್ ಮರದಡಿ ಕೂತು ಎರಡು ಸ್ಪ್ಯಾನರಿನಲ್ಲಿ ಸರಿ ಮಾಡುತ್ತಿದ್ದ; ಈಗ ಸ್ಕ್ಯಾನರ್ ಇರುವ ಕಡೆಗೆ ಗಾಡಿ ಹೋಗಬೇಕು. ಗಾಳಿ ಶುದ್ಧವಾದದ್ದು ಎಲ್ಲರ ಭಾಗ್ಯ, ಬಿಲ್ಲು ಮಾತ್ರ ಗಾಡಿಯ ಮಾಲೀಕನ ಹೆಸರಿಗೆ.

ತೆರಿಗೆಯ ವಿಷಯದಲ್ಲಿ ಸ್ವಲ್ಪ ಸಮಾಧಾನವಿದೆ. 2017ರ ಜುಲೈಯಿಂದ ಸರಕು ವಾಹನಗಳ ಮೇಲಿದ್ದ ಶೇ 28ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿಯಿತು. ಇಲ್ಲಿ ವಿದ್ಯಾರ್ಥಿಗಳಿಗೊಂದು ಪ್ರಶ್ನೆ: ತೆರಿಗೆ ಹತ್ತು ಅಂಶ ಇಳಿದರೆ ಬೆಲೆ ಶೇ 10 ಇಳಿಯುವುದೆ? ತೆರಿಗೆಗೆ ಮುಂಚಿನ ಬೆಲೆ 6 ಲಕ್ಷವಿರುವ ಗಾಡಿ 7.68 ಲಕ್ಷದಿಂದ 7.08 ಲಕ್ಷಕ್ಕೆ ಬರುತ್ತದೆ. ಇಳಿದದ್ದು ಶೇ 7.8.

ಕಂತಿನೊಳಗಿನ ಗಣಿತ

ಉದಾಹರಣೆಗೆ, ಎಲ್ಲ ಸೇರಿ 9 ಲಕ್ಷ ಬೀಳುವ ಪಿಕಪ್ ಒಂದಕ್ಕೆ ಮನೆಯವರು 2 ಲಕ್ಷ ಕೊಟ್ಟು, ಉಳಿದ 7 ಲಕ್ಷವನ್ನು ಶೇ 11ರ ಬಡ್ಡಿಗೆ ಐದು ವರ್ಷದ ಸಾಲ ಮಾಡಿದರು ಎನ್ನೋಣ. ತಿಂಗಳ ಕಂತು ಸುಮಾರು 15,220 ರೂ. ಅರವತ್ತು ಕಂತು ಕಟ್ಟಿ ಮುಗಿಸುವಾಗ ಕೊಟ್ಟ ಹಣ 9.13 ಲಕ್ಷ, ಬಡ್ಡಿಯೇ 2.13 ಲಕ್ಷ. ಮೊದಲ ತಿಂಗಳ ಕಂತಿನಲ್ಲಿ 6,417 ರೂ. ಬಡ್ಡಿಗೆ ಹೋಗುತ್ತದೆ, ಅಸಲಿಗೆ ಸಲ್ಲುವುದು 8,803 ಮಾತ್ರ.

ಈಗ ಇನ್ನೊಬ್ಬ ಸಾಲಗಾರ ಬಂದು, 'ನಮ್ಮಲ್ಲಿ ಶೇ 8 ಮಾತ್ರ, ಫ್ಲ್ಯಾಟ್' ಎನ್ನುತ್ತಾನೆ. ಹನ್ನೊಂದಕ್ಕಿಂತ ಎಂಟು ಕಡಿಮೆ ಎಂದು ಸಂತೋಷಪಡುವವರೇ ಹೆಚ್ಚು. ಫ್ಲ್ಯಾಟ್ ಎಂದರೆ ಐದು ವರ್ಷವೂ ಪೂರ್ತಿ 7 ಲಕ್ಷದ ಮೇಲೆಯೇ ಬಡ್ಡಿ. ಕಟ್ಟಿದ ಅಸಲು ಲೆಕ್ಕಕ್ಕಿಲ್ಲ. ವರ್ಷಕ್ಕೆ 56 ಸಾವಿರದಂತೆ ಬಡ್ಡಿ 2.80 ಲಕ್ಷ, ಕಂತು 16,333. ಇಳಿಯುವ ಅಸಲಿನ ಲೆಕ್ಕಕ್ಕೆ ತಿರುಗಿಸಿದರೆ ಈ 'ಎಂಟು' ಎಂಬುದು ಹದಿನಾಲ್ಕನ್ನು ದಾಟುತ್ತದೆ! ಮನೆಯಲ್ಲಿ ಪಿಯುಸಿ ಓದುವ ಹುಡುಗಿಯಿದ್ದರೆ ಸಹಿ ಹಾಕುವ ಮುನ್ನ ಆ ಕಾಗದವನ್ನು ಅವಳ ಕೈಗೆ ಕೊಡುವುದು ಒಳ್ಳೆಯದು.

ಅತ್ತ ಗಾಡಿಯ ಬೆಲೆ ಕರಗುವ ಬಗೆಯೇ ಬೇರೆ. ಬಾಡಿಗೆಗೆ ಓಡುವ ಸರಕು ಗಾಡಿಗಳಿಗೆ ಆದಾಯ ತೆರಿಗೆಯ ನಿಯಮ ವರ್ಷಕ್ಕೆ ಶೇ 30ರ ಸವಕಳಿಯನ್ನು ಒಪ್ಪುತ್ತದೆ. ಆ ಲೆಕ್ಕದಂತೆ 9 ಲಕ್ಷದ ಗಾಡಿ ವರ್ಷದ ಕೊನೆಗೆ 6.30 ಲಕ್ಷ, ಎರಡನೆಯ ವರ್ಷಕ್ಕೆ 4.41 ಲಕ್ಷ. ವಿಕಿರಣಶೀಲ ವಸ್ತುವಿಗೆ ಅರ್ಧಾಯುಷ್ಯ ಇರುವಂತೆ ಪುಸ್ತಕದಲ್ಲಿ ಈ ಗಾಡಿಗೂ ಸುಮಾರು ಎರಡು ವರ್ಷದ ಅರ್ಧಾಯುಷ್ಯ. ಅದೇ ಎರಡು ವರ್ಷದಲ್ಲಿ 3.65 ಲಕ್ಷ ಕಂತು ಕಟ್ಟಿದ್ದರೂ ಶೇ 11ರ ಸಾಲದಲ್ಲಿ ಉಳಿದ ಬಾಕಿ 4.65 ಲಕ್ಷ. ಅಂದರೆ ಸಾಲ ಗಾಡಿಗಿಂತ ದೊಡ್ಡದು. ಸಂತೆಯಲ್ಲಿ ಬೆಲೆ ಇದಕ್ಕಿಂತ ಹೆಚ್ಚೂ ಬರಬಹುದು, ಕಡಿಮೆಯೂ ಬರಬಹುದು. ಆದರೆ ಆರೋಗ್ಯ ಕೆಟ್ಟೋ ಮಳೆ ಕೈಕೊಟ್ಟೋ ಎರಡನೆಯ ವರ್ಷದಲ್ಲಿ ಕಂತು ನಿಂತರೆ, ಗಾಡಿ ಮಾರಿ ಸಾಲ ತೀರಿಸುತ್ತೇವೆ ಎಂಬ ಧೈರ್ಯಕ್ಕೆ ಆಧಾರ ಗಟ್ಟಿಯಿಲ್ಲ. ಅಡವಿಟ್ಟ ಬಳೆಗೆ ಸಂಚಕಾರ ಬರುವುದು ಇಂಥ ಹೊತ್ತಿನಲ್ಲಿಯೆ.

ನಿಂತ ಗಾಡಿಯೂ ತಿನ್ನುತ್ತದೆ

ಡೀಸೆಲ್ ಬೆಲೆಯ ಏರಿಳಿತ ಎಲ್ಲರಿಗೂ ಗೊತ್ತು. ದೆಹಲಿಯಲ್ಲಿ 2005ರ ಸೆಪ್ಟೆಂಬರಿನಲ್ಲಿ ಲೀಟರಿಗೆ 30 ರೂ. ಆಸುಪಾಸಿನಲ್ಲಿತ್ತು. 2014ರ ಅಕ್ಟೋಬರಿನಲ್ಲಿ ಸರ್ಕಾರದ ನಿಯಂತ್ರಣ ತೆಗೆಯಲಾಯಿತು, 2017ರ ಜೂನ್‌ನಿಂದ ದಿನವೂ ದರ ಬದಲಾಗುವ ಪದ್ಧತಿ ಬಂತು. ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 18.44ಕ್ಕೆ, 2025ರ ಏಪ್ರಿಲ್ 1ರಂದು ಶೇ 21.17ಕ್ಕೆ ಏರಿ, ಬೆಂಗಳೂರಿನಲ್ಲಿ ಲೀಟರಿಗೆ 91 ರೂ. ಆಯಿತು.

ಲೀಟರಿಗೆ 13 ಕಿ.ಮೀ. ಓಡುವ ಗಾಡಿಗೆ ಈ ದರದಲ್ಲಿ ಕಿಲೋಮೀಟರಿಗೆ 7 ರೂ. ಡೀಸೆಲ್ ಬೇಕು. ಟಯರು, ಆಯಿಲ್, ಸರ್ವಿಸ್ ಎಂದು 1.40 ಸೇರಿಸಿದರೆ 8.40. ಇದು ಓಡಿದರೆ ಮಾತ್ರ ಆಗುವ ಖರ್ಚು. ಓಡಲಿ ಬಿಡಲಿ ಕಂತು 15,220 ಕಟ್ಟಲೇಬೇಕು. ಜೊತೆಗೆ ವಿಮೆ. ಒಟ್ಟು ತೂಕ 7,500 ಕಿಲೋ ಒಳಗಿನ ಸರಕು ಗಾಡಿಗೆ 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ವಿಮೆಯ ಕಂತು, ತೆರಿಗೆ ಬಿಟ್ಟು, ವರ್ಷಕ್ಕೆ 16,049 ರೂ. ಮುಕ್ಕಾಲು ಟನ್ ಹೊರುವ ಪುಟ್ಟ ಗಾಡಿಗೂ ಏಳು ಟನ್ನಿನ ಗಾಡಿಗೂ ಒಂದೇ ದರ! ಇದು ನ್ಯಾಯವೇ ಎಂದು ಚಿಕ್ಕ ಗಾಡಿಯವರು ಕೇಳಿದರೆ ತಪ್ಪಿಲ್ಲ. ತಿಂಗಳ ಲೆಕ್ಕಕ್ಕೆ 1,340 ರೂ. ಆಯಿತು.

ತಿಂಗಳಿಗೆ 2,500 ಕಿ.ಮೀ. ಓಡಿದರೆ ಒಟ್ಟು ಖರ್ಚು 37,560 ರೂ. ಕಿಲೋಮೀಟರಿಗೆ 15 ರೂ. ಬಾಡಿಗೆ ಸಿಗದೆ 1,200 ಕಿ.ಮೀ. ಮಾತ್ರ ಓಡಿದರೆ 26,640 ರೂ. ಕಿಲೋಮೀಟರಿಗೆ 22 ದಾಟುತ್ತದೆ. ಇದರಲ್ಲಿ ಚಾಲಕನ ಊಟವಿಲ್ಲ, ಕೂಲಿಯಿಲ್ಲ, ಪಂಚರ್ ಇಲ್ಲ. ಮಂಡಿಗೆ ಸರಕು ಹೊತ್ತು ಹೋದ ಗಾಡಿ ಖಾಲಿ ವಾಪಸಾದರೆ ಹೋಗುವ ದಾರಿಯ ಬಾಡಿಗೆಯೇ ಬರುವ ದಾರಿಯ ಖರ್ಚನ್ನೂ ಹೊರಬೇಕು. 15 ಎಂಬುದು 30 ಆಗುತ್ತದೆ. ಪಕ್ಕದೂರಿನವನು 25ಕ್ಕೆ ಒಪ್ಪಿಕೊಂಡ ಎಂದು ತಾನೂ ಒಪ್ಪಿಕೊಳ್ಳುವ ಹುಡುಗ ನಷ್ಟ ಮಾಡಿಕೊಳ್ಳುವುದು ಅವನಿಗೇ ತಿಳಿಯುವುದಿಲ್ಲ. ಜೇಬಿನಲ್ಲಿ ನೋಟು ಆಡುತ್ತಿರುತ್ತದೆ. ಟಯರು ಬದಲಿಸುವ ದಿನ ಲೆಕ್ಕ ಬೆಳಕಿಗೆ ಬರುತ್ತದೆ.

ಆಗ ಹೊಳೆಯುವ ಉಪಾಯ ಹೆಚ್ಚು ಲೋಡು. ಒಂದು ಟನ್ನಿನ ಜಾಗಕ್ಕೆ ಒಂದೂವರೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ರಸ್ತೆ ಪರೀಕ್ಷೆಯೊಂದು, ರಸ್ತೆಗಾಗುವ ಹಾನಿ ಅಚ್ಚಿನ ಮೇಲಿನ ಭಾರದ ಸುಮಾರು ನಾಲ್ಕನೆಯ ಘಾತಕ್ಕೆ ಅನುಗುಣ ಎಂದು ತೋರಿಸಿತು. ಅಚ್ಚಿನ ಭಾರ ಒಂದೂವರೆ ಪಟ್ಟಾದರೆ ಹಾನಿ ಐದು ಪಟ್ಟು. ಗಾಡಿಯ ಪಟ್ಟಿ, ಬೇರಿಂಗು, ಟಯರುಗಳಿಗೂ ಕ್ಷಮೆಯಿಲ್ಲ. ಇಳಿಜಾರಿನಲ್ಲಿ ಬ್ರೇಕು ನುಂಗಬೇಕಾದ ಚಲನಶಕ್ತಿ ತೂಕದಷ್ಟೇ ಏರುತ್ತದೆ. 2019ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ಕಾಯ್ದೆಯಲ್ಲಿ ಹೆಚ್ಚು ಲೋಡಿಗೆ ದಂಡ 20,000 ರೂ., ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಮೂರು ತಿಂಗಳ ಲಾಭ ಒಂದೇ ಚೀಟಿಯಲ್ಲಿ.

ವಿದ್ಯುತ್ ಗಾಡಿ ಈ ಲೆಕ್ಕವನ್ನು ಸ್ವಲ್ಪ ಬದಲಿಸುತ್ತದೆ. 2025ರ ಜೂನ್‌ನಲ್ಲಿ ಬಂದ 'ಏಸ್ ಪ್ರೊ'ದ ಪೆಟ್ರೋಲ್ ಮಾದರಿಗೆ ಆಗ 3.99 ಲಕ್ಷ, ವಿದ್ಯುತ್ ಮಾದರಿಗೆ 6.50 ಲಕ್ಷ, ವ್ಯತ್ಯಾಸ 2.51 ಲಕ್ಷ. ಪೆಟ್ರೋಲಿಗೆ ಕಿಲೋಮೀಟರಿಗೆ 5.15 ರೂ., ವಿದ್ಯುತ್ತಿಗೆ 1 ರೂ. ಎಂದು ಹಿಡಿದರೆ ಸುಮಾರು 60 ಸಾವಿರ ಕಿ.ಮೀ. ಓಡಿದ ಮೇಲೆ ವ್ಯತ್ಯಾಸ ತೀರುತ್ತದೆ. ತಿಂಗಳಿಗೆ 2,500 ಕಿ.ಮೀ. ಓಡುವವನಿಗೆ ಎರಡು ವರ್ಷ, 1,200 ಓಡುವವನಿಗೆ ನಾಲ್ಕು ವರ್ಷ ದಾಟುತ್ತದೆ. ಹಾಲು, ಗ್ಯಾಸ್ ಸಿಲಿಂಡರ್, ದಿನಸಿ ಎಂದು ದಿನವೂ ಗೊತ್ತಾದ ದಾರಿಯಲ್ಲಿ ಓಡಿ ರಾತ್ರಿ ಮನೆಗೆ ಬರುವವರಿಗೆ ಇದು ಹೊಂದುತ್ತದೆ. ಎಲ್ಲಿ ಬಾಡಿಗೆ ಸಿಕ್ಕೀತೋ ಅಲ್ಲಿಗೆ ಹೊರಡುವವರಿಗೆ ಕಷ್ಟ.

ಕಾಗದಪತ್ರದ ವಿಷಯವಾಗಿ ಎರಡು ಮಾತು. ಹದಿನೆಂಟು ತುಂಬಿದೊಡನೆ ಕಾರಿನ ಲೈಸೆನ್ಸ್ ಸಿಗುತ್ತದೆ. ಸರಕು ಸಾಗಣೆಯ ವಾಹನ ಓಡಿಸಲು ಕಾಯ್ದೆ ಕೇಳುವುದು ಇಪ್ಪತ್ತು ವರ್ಷ. ಲಘು ಮೋಟಾರು ವಾಹನದ ಲೈಸೆನ್ಸ್ ಇರುವವರು ಒಟ್ಟು ತೂಕ 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನು ಬೇರೆ ಅನುಮತಿಯಿಲ್ಲದೆ ಓಡಿಸಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತ್ತು; 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಅಪಘಾತವಾದಾಗ ಲೈಸೆನ್ಸಿನ ನೆಪ ಹೇಳಿ ವಿಮೆ ನಿರಾಕರಿಸಿದ್ದರಿಂದ ಕೋರ್ಟಿಗೆ ಅಲೆದ ಕುಟುಂಬಗಳಿಗೆ ಈ ತೀರ್ಪಿನ ಬೆಲೆ ಗೊತ್ತು.

ಅರವತ್ತನೆಯ ಕಂತು ಕಟ್ಟಿದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಸಾಲ ತೀರಿದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ. ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ ಮತ್ತು ಸಹಿಯಾದ ನಮೂನೆ 35 ಪಡೆದು ಆರ್‌ಟಿಒ ಕಚೇರಿಗೆ ಕೊಟ್ಟರೆ ಮಾತ್ರ ಆ ಮೂರನೆಯ ಹೆಸರು ಹೋಗುತ್ತದೆ. ಹಳೆಯ ಗಾಡಿ ಕೊಳ್ಳುವವರು ಟಯರಿಗೆ ಒದ್ದು ನೋಡುವ ಮೊದಲು ಆರ್‌ಸಿಯ ಆ ಸಾಲನ್ನು ಓದಬೇಕು.