ಆಡುವುದು, ಆಡಿಸುವುದು: ಪ್ರಕಾಶ್ ಪಡುಕೋಣೆ ಅವರ ಎರಡು ವೃತ್ತಿಗಳು

ಧಾತುವಿಗೆ ‘ಇಸು’ ಪ್ರತ್ಯಯ ಸೇರಿದಾಗ ಅದು ಪ್ರೇರಣಾರ್ಥಕವಾಗುತ್ತದೆ ಎಂಬುದನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ವ್ಯಾಕರಣದ ಮೊದಲ ಪಾಠಗಳಲ್ಲಿಯೇ ಓದಿರುತ್ತಾರೆ. ಮಾಡು ಎಂಬುದು ಮಾಡಿಸು ಆಗುತ್ತದೆ, ಕಲಿ ಎಂಬುದು ಕಲಿಸು, ಆಡು ಎಂಬುದು ಆಡಿಸು. ಇಂತಹ ವಾಕ್ಯದಲ್ಲಿ ಪ್ರೇರಿಸುವವನು ಒಬ್ಬ, ಕ್ರಿಯೆಯನ್ನು ನಡೆಸುವವನು ಮತ್ತೊಬ್ಬ. ಗುರುವು ಶಿಷ್ಯನಿಂದ ಪದ್ಯವನ್ನು ಓದಿಸಿದನು ಎಂದರೆ ಓದಿದ ಬಾಯಿ ಶಿಷ್ಯನದೇ. ಗುರುವಿನದು ಪ್ರೇರಣೆ ಮಾತ್ರ. ಕ್ರೀಡಾ ತರಬೇತುದಾರನ ವೃತ್ತಿಯ ಹಿರಿಮೆಯೂ ಮಿತಿಯೂ ಈ ಒಂದು ಪ್ರತ್ಯಯದಲ್ಲಿ ಅಡಗಿವೆ. ಆಡುತ್ತಿದ್ದವರು ಆಡಿಸುವವರಾದಾಗ ಏನಾಗುತ್ತದೆ ಎಂಬುದನ್ನು ಅರಿಯಲು ಬ್ಯಾಡ್ಮಿಂಟನ್ ಆಟಗಾರ ಪ್ರಕಾಶ್ ಪಡುಕೋಣೆ ಅವರ ಬದುಕು ಒಳ್ಳೆಯ ನಿದರ್ಶನ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬೇಸ್‌ಬಾಲ್‌ನಂತಹ ಆಟಗಳ ತರಬೇತುದಾರ ಪೂರ್ಣಾವಧಿಯ ನೌಕರ. ಆಟ ಬಿಟ್ಟವನು ಕಾಲೇಜಿನ ತರಬೇತುದಾರನಾಗುವುದು ಅಲ್ಲಿ ರೂಢಿಯ ದಾರಿ. ಭಾರತದಲ್ಲಿ ಪ್ರಕಾಶ್ ಅವರ ಕಾಲಕ್ಕೆ ಬ್ಯಾಡ್ಮಿಂಟನ್ನಿಗೆ ಅಂತಹ ಸಿದ್ಧ ದಾರಿ ಇರಲಿಲ್ಲ. ದಾರಿಯನ್ನು ಅವರೇ ಕಡಿಯಬೇಕಾಯಿತು.

ಅವರು ಹುಟ್ಟಿದ್ದು 1955ರ ಜೂನ್ 10ರಂದು, ಬೆಂಗಳೂರಿನಲ್ಲಿ. ಮನೆತನದ ಮೂಲ ಕುಂದಾಪುರದ ಕಡೆಯ ಪಡುಕೋಣೆ. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದರು; ಮಗನಿಗೆ ಆಟ ಹಿಡಿಸಿದವರು ಅವರೇ. ಆದರೆ ಆಡಲು ಜಾಗ? ನಮ್ಮ ಸೀಮೆಯಲ್ಲಿ ಪರಿಚಿತವಾದ ಬಾಲ್ ಬ್ಯಾಡ್ಮಿಂಟನ್ ಅನ್ನು ಉಣ್ಣೆಯ ಚೆಂಡಿನಿಂದ ಬಯಲಿನಲ್ಲಿಯೇ ಆಡಬಹುದು. ಷಟಲ್ ಹಾಗಲ್ಲ. ಹದಿನಾರು ಗರಿಗಳ ಷಟಲ್‌ನ ತೂಕ ಐದು ಗ್ರಾಂ ಆಸುಪಾಸು. ಅಲ್ಪ ಗಾಳಿಗೂ ಅದು ದಿಕ್ಕು ತಪ್ಪುತ್ತದೆ. ಹೀಗಾಗಿ ಗೋಡೆ, ಎತ್ತರದ ಚಾವಣಿ ಇರುವ ಒಳಾಂಗಣವಿಲ್ಲದೆ ಆ ಆಟವನ್ನು ಗಂಭೀರವಾಗಿ ಕಲಿಯಲಾಗದು. ಬಾಲಕ ಪ್ರಕಾಶ್ ಅವರಿಗೆ ಸಿಕ್ಕ ಒಳಾಂಗಣ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣ. ಅದು ಮದುವೆಗಳಿಗೆ ಬಾಡಿಗೆಗೆ ಹೋಗುತ್ತಿದ್ದ ಜಾಗ. ಮದುವೆ ಇದ್ದ ದಿನ ಆಟವಿಲ್ಲ. ಇಲ್ಲದ ದಿನ ಅದೇ ಅಂಕಣ. ವೃತ್ತಿಪರ ತರಬೇತುದಾರರಾಗಲಿ, ವ್ಯಾಯಾಮದ ಶಾಸ್ತ್ರೀಯ ಕ್ರಮವಾಗಲಿ ಇರಲಿಲ್ಲ. ದೊಡ್ಡವರ ಆಟವನ್ನು ನೋಡಿ, ತಾವೇ ಪ್ರಯೋಗ ಮಾಡಿ, ಸೋತು ಕಲಿತರು. ಮೊದಲ ರಾಜ್ಯ ಮಟ್ಟದ ಕಿರಿಯರ ಪಂದ್ಯಾವಳಿಯಲ್ಲಿ ಮೊದಲ ಸುತ್ತಿನಲ್ಲಿಯೇ ಸೋತ ಹುಡುಗ ಎರಡು ವರ್ಷಗಳ ಬಳಿಕ ಅದೇ ಪ್ರಶಸ್ತಿಯನ್ನು ಗೆದ್ದ. ಮುಂದೆ ಹದಿಹರೆಯದಲ್ಲಿಯೇ ರಾಷ್ಟ್ರೀಯ ಚಾಂಪಿಯನ್ ಆಗಿ, ಆ ಪಟ್ಟವನ್ನು ಒಟ್ಟು ಸತತ ಒಂಬತ್ತು ಬಾರಿ ಗೆದ್ದರು. 1978ರಲ್ಲಿ ಎಡ್ಮಂಟನ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಬಂತು.

1980 ಅವರ ವರ್ಷ. ಆ ವಸಂತದಲ್ಲಿ ಡೆನ್ಮಾರ್ಕ್, ಸ್ವೀಡನ್ ಓಪನ್ ಪ್ರಶಸ್ತಿಗಳನ್ನು ಗೆದ್ದು, ಲಂಡನ್ನಿನ ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಅಂತಿಮ ಪಂದ್ಯಕ್ಕೆ ನಿಂತರು. ಎದುರಾಳಿ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಹಿಂದಿನ ಎರಡು ವರ್ಷಗಳ ಚಾಂಪಿಯನ್, ಜಿಗಿದು ಹೊಡೆಯುವ ಸ್ಮ್ಯಾಷ್‌ಗೆ ಹೆಸರಾದವರು. ಬಲಕ್ಕೆ ಬಲವನ್ನು ಒಡ್ಡುವ ತಪ್ಪನ್ನು ಪ್ರಕಾಶ್ ಮಾಡಲಿಲ್ಲ. ಷಟಲ್‌ನ ವೇಗವನ್ನು ಕುಗ್ಗಿಸಿ, ಒಮ್ಮೆ ಬಲೆಯ ಅಂಚಿಗೆ ಇಳಿಬಿಟ್ಟು, ಒಮ್ಮೆ ಅಂಕಣದ ಹಿಂದಿನ ಗೆರೆಗೆ ಏರಿಸಿ, ಕಿಂಗ್ ಅವರಿಗೆ ನೆಲೆಯೂರಿ ಜಿಗಿಯುವ ಅವಕಾಶವನ್ನೇ ಕೊಡಲಿಲ್ಲ. 15-3, 15-10. ಆಗಿನ ನಿಯಮದಲ್ಲಿ ಸರ್ವ್ ಮಾಡಿದವರಿಗೆ ಮಾತ್ರ ಅಂಕ ದಕ್ಕುತ್ತಿತ್ತು ಎಂಬುದನ್ನು ನೆನೆದರೆ ಆ ಮೂರು ಅಂಕಗಳ ಅರ್ಥ ತಿಳಿಯುತ್ತದೆ. ಆಲ್ ಇಂಗ್ಲೆಂಡ್ ಗೆದ್ದ ಮೊದಲ ಭಾರತೀಯ ಅವರು.

ಗೆದ್ದ ಬಳಿಕ ಅವರು ಮಾಡಿದ್ದು ಇನ್ನೂ ಗಮನಾರ್ಹ. ದೇಶದಲ್ಲಿ ತಮಗೆ ಸಮಾನರಾದ ಅಭ್ಯಾಸದ ಜೊತೆಗಾರರು ಇಲ್ಲವೆಂದು ಕಂಡುಕೊಂಡು ಡೆನ್ಮಾರ್ಕಿಗೆ ತೆರಳಿದರು. ಅಲ್ಲಿನ ಕ್ಲಬ್ಬುಗಳಲ್ಲಿ ಒಬ್ಬ ಪ್ರತಿಭಾವಂತನ ಸುತ್ತ ಹತ್ತು ಮಂದಿ ಒಳ್ಳೆಯ ಆಟಗಾರರು ನಿತ್ಯ ಆಡುತ್ತಿದ್ದರು. ತಾವು ಏಕಾಂಗಿಯಾಗಿ ಏರಿದ ಬೆಟ್ಟವನ್ನು ಅಲ್ಲಿ ಗುಂಪಾಗಿ ಏರುತ್ತಾರೆ ಎಂಬುದನ್ನು ಅವರು ಕಣ್ಣಾರೆ ಕಂಡರು. 1983ರಲ್ಲಿ ಕೋಪನ್‌ಹೇಗನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚಿನ ಪದಕ ದೊರೆಯಿತು.

ಎರಡನೆಯ ವೃತ್ತಿ ತೊಡಗುವುದು ಇಲ್ಲಿಂದ. 1993ರಿಂದ 1996ರವರೆಗೆ ಅವರು ಭಾರತ ತಂಡದ ತರಬೇತುದಾರರಾಗಿದ್ದರು. ಇದರ ನಡುವೆ, 1994ರಲ್ಲಿ, ವಿಮಲ್ ಕುಮಾರ್ ಅವರೊಡಗೂಡಿ ಬೆಂಗಳೂರಿನಲ್ಲಿ ಬ್ಯಾಡ್ಮಿಂಟನ್ ಅಕಾಡೆಮಿಯನ್ನು ಆರಂಭಿಸಿದರು. ಬಿಪಿಎಲ್ ಸಂಸ್ಥೆ ಪ್ರಾಯೋಜಕತ್ವ ನೀಡಿತು. ಆಯ್ದ ಕೆಲವೇ ಎಳೆಯರನ್ನು ಕರೆತಂದು ನಿತ್ಯ ಅಭ್ಯಾಸ, ದೈಹಿಕ ಕಸರತ್ತು, ಹೊರಗಿನ ಪಂದ್ಯಾವಳಿಗಳ ಅನುಭವ, ಎಲ್ಲವನ್ನೂ ಒಂದೇ ಸೂರಿನಡಿ ಒದಗಿಸುವುದು ಅದರ ಕ್ರಮ. ಇದರಲ್ಲಿ ಒಂದೊಂದೂ ಮಲ್ಲೇಶ್ವರದ ಹುಡುಗನಿಗೆ ಇಲ್ಲದೆ ಹೋದದ್ದು ಎಂಬುದನ್ನು ಗಮನಿಸಬೇಕು. ತನಗೆ ಒದಗದೆ ಹೋದದ್ದರ ಪಟ್ಟಿಯೇ ಅವರ ಪಠ್ಯಕ್ರಮವಾಯಿತು.

ಮೊದಲ ಬ್ಯಾಚುಗಳಲ್ಲಿ ಮುಂಬಯಿಯಿಂದ ಬಂದ ಅಪರ್ಣಾ ಪೋಪಟ್ ಇದ್ದರು. ಆಕೆ ಮುಂದೆ ಮಹಿಳೆಯರ ರಾಷ್ಟ್ರೀಯ ಪ್ರಶಸ್ತಿಯನ್ನು ಸತತ ಒಂಬತ್ತು ಬಾರಿ ಗೆದ್ದು ಗುರುವಿನ ದಾಖಲೆಯನ್ನು ಸರಿಗಟ್ಟಿದರು. ಮತ್ತೊಬ್ಬರು, ನಮಗೆ ಹೆಚ್ಚು ಹತ್ತಿರದವರು, ಪುಲ್ಲೇಲ ಗೋಪಿಚಂದ್. ಪ್ರಕಾಶಂ ಜಿಲ್ಲೆಯಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ಎಸ್. ಎಂ. ಆರಿಫ್ ಅವರಲ್ಲಿ ಪಳಗಿದ ತೆಲುಗಿನ ಹುಡುಗ. 1994ರಲ್ಲಿ ಮೊಣಕಾಲಿನ ತೀವ್ರ ಪೆಟ್ಟು ಆಟವನ್ನೇ ಮುಗಿಸುವಂತಿತ್ತು. ಶಸ್ತ್ರಚಿಕಿತ್ಸೆಗಳ ನಂತರ ಬೆಂಗಳೂರಿನಲ್ಲಿ ಪ್ರಕಾಶ್ ಅವರ ಅಕಾಡೆಮಿಯಲ್ಲಿಯೂ, ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಗಂಗೂಲಿ ಪ್ರಸಾದ್ ಅವರ ಬಳಿಯೂ ಅಭ್ಯಾಸ ಮಾಡಿ ಎದ್ದು ನಿಂತರು. 2001ರ ಮಾರ್ಚ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಚೀನಾದ ಚೆನ್ ಹಾಂಗ್ ಅವರನ್ನು 15-12, 15-6ರಿಂದ ಮಣಿಸಿ ಆಲ್ ಇಂಗ್ಲೆಂಡ್ ಗೆದ್ದರು. ಪ್ರಕಾಶ್ ಅವರ ಬಳಿಕ ಇಪ್ಪತ್ತೊಂದು ವರ್ಷಕ್ಕೆ ಆ ಪ್ರಶಸ್ತಿ ಭಾರತಕ್ಕೆ ಬಂತು.

ಶಿಷ್ಯನೂ ಗುರುವಿನ ಹಾದಿಯನ್ನೇ ಹಿಡಿದದ್ದು ಈ ಕಥನದ ಮುಂದಿನ ಅಧ್ಯಾಯ. ಸರ್ಕಾರ ಕೊಟ್ಟ ನಿವೇಶನದಲ್ಲಿ, ಸ್ವಂತ ಮನೆಯನ್ನು ಒತ್ತೆಯಿಟ್ಟು ಹಣ ಕೂಡಿಸಿ, ಗೋಪಿಚಂದ್ ಹೈದರಾಬಾದಿನ ಗಚ್ಚಿಬೌಲಿಯಲ್ಲಿ 2008ರಲ್ಲಿ ಅಕಾಡೆಮಿ ತೆರೆದರು. ಅವರ ಗರಡಿಯಲ್ಲಿ ಪಳಗಿದ ಸೈನಾ ನೆಹ್ವಾಲ್ 2012ರ ಒಲಿಂಪಿಕ್ಸ್‌ನಲ್ಲಿ ಕಂಚು, ಪಿ. ವಿ. ಸಿಂಧು 2016ರಲ್ಲಿ ಬೆಳ್ಳಿ ಗೆದ್ದರು. ಮುಂದೆ ಸೈನಾ 2014ರಲ್ಲಿ ವಿಮಲ್ ಕುಮಾರ್ ಅವರ ಬಳಿ ಕಲಿಯಲು ಬೆಂಗಳೂರಿಗೆ ಬಂದರು, ಮರುವರ್ಷ ವಿಶ್ವದ ಅಗ್ರ ಶ್ರೇಯಾಂಕ ಪಡೆದರು, 2017ರಲ್ಲಿ ಗೋಪಿಚಂದ್ ಅವರ ಬಳಿಗೆ ಮರಳಿದರು. ಬೆಂಗಳೂರಿನ ವಿದ್ಯೆ ಹೈದರಾಬಾದಿಗೆ ಹೋಗಿ, ಹೈದರಾಬಾದಿನ ಶಿಷ್ಯೆ ಬೆಂಗಳೂರಿಗೆ ಬಂದು ಹೋದ ಈ ಓಡಾಟದಲ್ಲಿ ಭಾಷೆ ಎಲ್ಲಿಯೂ ಬೇಲಿಯಾಗಲಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂದು ಬದುಕುವ ಗುಮ್ಮಘಟ್ಟ, ರಾಯದುರ್ಗ, ಮಡಕಶಿರಾ ಕಡೆಯ ನಮಗೆ ಇದು ಹೊಸ ಸಂಗತಿಯೇನಲ್ಲ.

ಆದರೆ ಆಡಿಸುವವರ ಬದುಕಿನಲ್ಲಿ ಗೆಲುವುಗಳಷ್ಟೇ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರ ಅಕಾಡೆಮಿಯಲ್ಲಿಯೇ ಬೆಳೆದ ಅಲ್ಮೋರಾದ ಲಕ್ಷ್ಯ ಸೇನ್ ಕಂಚಿನ ಪದಕದ ಪಂದ್ಯದಲ್ಲಿ ಮಲೇಷ್ಯಾದ ಲೀ ಝೀ ಜಿಯಾ ಅವರನ್ನು ಮೊದಲ ಗೇಮಿನಲ್ಲಿ 21-13ರಿಂದ ಹಿಂದಿಕ್ಕಿ, ಮುಂದಿನ ಎರಡನ್ನೂ ಸೋತರು. ಅಂಕಣದ ಬದಿಯ ಕುರ್ಚಿಯಲ್ಲಿ ಪ್ರಕಾಶ್ ಕುಳಿತಿದ್ದರು. ಸರ್ಕಾರವೂ ಸಂಸ್ಥೆಗಳೂ ಬೇಕಾದುದನ್ನೆಲ್ಲ ಒದಗಿಸಿವೆ, ಇನ್ನು ಆಟಗಾರರೂ ಹೊಣೆ ಹೊರಬೇಕು ಎಂಬರ್ಥದ ಮಾತನ್ನು ಅವರು ಆ ದಿನ ಆಡಿದರು. ಕೊಡಗು ಮೂಲದ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು: ಗೆದ್ದಾಗ ಎಲ್ಲರೂ ಪಾಲು ಕೇಳುತ್ತಾರೆ, ಸೋತಾಗ ಹೊಣೆ ಆಟಗಾರನೊಬ್ಬನದೇ ಏಕೆ ಎಂಬುದು ಅವರ ಪ್ರಶ್ನೆಯ ತಿರುಳು.

ಇಬ್ಬರ ಮಾತಿನಲ್ಲಿಯೂ ನಿಜವಿದೆ. ಒಳಾಂಗಣವೇ ಇಲ್ಲದ ಕಾಲದಲ್ಲಿ ತಮ್ಮ ಸೋಲಿಗೆ ತಾವೇ ಹೊಣೆಯಾಗಿ ಬೆಳೆದವರಿಗೆ, ಎಲ್ಲವೂ ದೊರೆತವರಿಂದ ಅಷ್ಟೇ ಹೊಣೆಗಾರಿಕೆಯನ್ನು ನಿರೀಕ್ಷಿಸುವುದು ಸಹಜ. ಆದರೆ ಪ್ರೇರಕನಿಗೂ ಕ್ರಿಯೆಯಲ್ಲಿ ಪಾಲಿದೆ ಎನ್ನುವುದಾದರೆ, ಆ ಪಾಲು ಫಲದಲ್ಲಿ ಮಾತ್ರವಲ್ಲ, ವೈಫಲ್ಯದಲ್ಲಿಯೂ ಇರಬೇಕಾಗುತ್ತದೆ. ಕುರ್ಚಿಯಲ್ಲಿ ಕುಳಿತವರ ಕೈಯಲ್ಲಿ ರ‍್ಯಾಕೆಟ್ ಇರುವುದಿಲ್ಲ. ಒಂದು ಕಾಲಕ್ಕೆ ಕಿಂಗ್ ಅವರನ್ನೇ ಕಟ್ಟಿಹಾಕಿದ ಕೈ ಆ ಹೊತ್ತಿಗೆ ಸುಮ್ಮನಿರಬೇಕು. ಆಟಗಾರನಾಗಿದ್ದವನಿಗೆ ತರಬೇತುದಾರನ ವೃತ್ತಿಯಲ್ಲಿ ಬಲು ಕಠಿಣವಾದದ್ದು ಇದೇ ಇರಬೇಕು.

ಈ ಲೇಖನದ ಓದುಗರಲ್ಲಿ ಹಲವರು ನಾಳೆ ಗಡಿಯ ಶಾಲೆಗಳಲ್ಲಿ ಕನ್ನಡ ಕಲಿಸಲಿದ್ದಾರೆ. ‘ಕಲಿ’ ಎಂಬುದಕ್ಕೆ ‘ಇಸು’ ಸೇರಿಸಿಕೊಳ್ಳುವ ದಿನ ಅವರಿಗೂ ಈ ಪ್ರಶ್ನೆ ಎದುರಾಗುತ್ತದೆ. ತಮಗೆ ಕಲಿಯುವಾಗ ದೊರೆಯದೆ ಹೋದದ್ದೇನು ಎಂದು ಪಟ್ಟಿ ಮಾಡಿಕೊಂಡರೆ ಅದೇ ಅವರ ಕೆಲಸದ ಆರಂಭ. ಊರಿನಲ್ಲಿ ಸೌಕರ್ಯವಿಲ್ಲ ಎನ್ನುವ ಮಾತಿಗೂ ಮಲ್ಲೇಶ್ವರದ ಸಭಾಂಗಣದಲ್ಲಿ ಒಂದು ಉತ್ತರವಿದೆ. ನಮ್ಮ ಊರುಗಳ ಕಲ್ಯಾಣ ಮಂಟಪಗಳಿಗೆ ಮುಹೂರ್ತವಿಲ್ಲದ ಆಷಾಢದಲ್ಲಿ, ಪುಷ್ಯದಲ್ಲಿ ಬೀಗ ಬಿದ್ದಿರುತ್ತದೆ. ಬೀಗದ ಕೈ ಕೇಳಿ ತರುವ ಒಬ್ಬ ಮೇಷ್ಟ್ರು ಬೇಕು.