ಪ್ರೆಸ್ಸಿಗೆ ಕಳಿಸುವ ಮುನ್ನ: ನಿಮ್ಮ ಫೈಲಿನಲ್ಲಿ ಯಾವ ಫಾಂಟ್ ಇದೆ?

ನವೆಂಬರ್ ಹತ್ತಿರ ಬಂತೆಂದರೆ ಹೊರನಾಡ ಕನ್ನಡ ಬಳಗಗಳಲ್ಲಿ ಸ್ಮರಣ ಸಂಚಿಕೆಯ ಗಡಿಬಿಡಿ ಶುರು. ಲೇಖನ ಬೆಂಗಳೂರಿನಿಂದ, ಕವನ ಸೊಲ್ಲಾಪುರದಿಂದ, ಜಾಹೀರಾತು ಪಿಂಪ್ರಿ-ಚಿಂಚವಾಡದಿಂದ ಬರುತ್ತದೆ. ಪುಟವಿನ್ಯಾಸ ಯಾರದೋ ಮನೆಯ ಲ್ಯಾಪ್‌ಟಾಪಿನಲ್ಲಿ, ಮುದ್ರಣ ಪುಣೆಯ ಯಾವುದೋ ಪೇಠೆಯಲ್ಲಿ. ಇಷ್ಟು ಕೈ ದಾಟುವ ಫೈಲಿನಲ್ಲಿ ಮೊದಲು ಕೈಕೊಡುವುದು ಫಾಂಟ್.

ಬೆಂಗಳೂರಿನ ಪ್ರೆಸ್ಸಿನಲ್ಲಾದರೆ ಒತ್ತಕ್ಷರ ಒಡೆದಿದ್ದನ್ನು ಆಪರೇಟರೇ ಕಂಡು ಫೋನ್ ಮಾಡಬಹುದು. ಇಲ್ಲಿನ ಆಪರೇಟರ್ ಮರಾಠಿ ಓದುವವರು. ಕನ್ನಡ ಸರಿಯೋ ತಪ್ಪೋ ಅವರಿಗೆ ಹೇಗೆ ತಿಳಿಯಬೇಕು? ಸಾವಿರ ಪ್ರತಿ ಬೈಂಡ್ ಆಗಿ ಬಂದ ಮೇಲೆ ದಾನಿಯೊಬ್ಬರ ಹೆಸರೇ ಒಡೆದು ಅಚ್ಚಾಗಿದ್ದರೆ ಕ್ಷಮೆ ಕೇಳುವುದಷ್ಟೇ ಉಳಿಯುತ್ತದೆ. ಆದ್ದರಿಂದ ಫೈಲಿನಲ್ಲಿ ಯಾವ್ಯಾವ ಫಾಂಟ್ ಇವೆ ಎಂದು ಪಟ್ಟಿ ಮಾಡಿ ಕೊಡುವುದು ನಮ್ಮದೇ ಕೆಲಸ.

ಕನ್ನಡಕ್ಕೇ ಯಾಕೆ ಈ ಪಾಡು?

ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ನುಡಿ ಕನ್ನಡ ಗಣಕ ಪರಿಷತ್ತಿನದು. ಬರಹವನ್ನು ಶೇಷಾದ್ರಿ ವಾಸು 1998ರಲ್ಲಿ ಹೊರತಂದರು. ಶ್ರೀಲಿಪಿಯಂತೂ ನಮ್ಮ ಪುಣೆಯದೇ, ಮಾಡ್ಯುಲರ್ ಇನ್ಫೋಟೆಕ್ ಕಂಪನಿಯದು. ಇವುಗಳಲ್ಲಿ ಟೈಪ್ ಮಾಡಿದ ಲೇಖನ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಕಾಣುವುದಿಲ್ಲ. ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಪೌಂಡ್ ಚಿಹ್ನೆ ಎಂದು ಶುರುವಾಗುತ್ತದೆ. ನುಡಿಯ ಲೇಖನಕ್ಕೆ ಶ್ರೀಲಿಪಿ ಫಾಂಟ್ ಹಚ್ಚಿದರೂ ಅದು ಓದಲು ಬಾರದು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಜಾಗವಿದೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ತುಂಗಾ ಈ ಬಗೆಯವು. ಇಲ್ಲಿ ತೊಂದರೆ ಬೇರೆ: ವಿನ್ಯಾಸದ ತಂತ್ರಾಂಶ ಭಾರತೀಯ ಲಿಪಿಯ ಜೋಡಣೆಗೆ ಸಿದ್ಧವಾಗಿರದಿದ್ದರೆ ಒತ್ತಕ್ಷರ ಕೆಳಗಿಳಿಯದೆ ಅರ್ಧಾಕ್ಷರವಾಗಿ ಪಕ್ಕದಲ್ಲೇ ನಿಲ್ಲುತ್ತದೆ. ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿದರೆ ಇದು ಸರಿಹೋಗುತ್ತದೆ. ಕಸದಂಥ ಇಂಗ್ಲಿಷ್ ಕಂಡರೆ ಹಳೆಯ ಫಾಂಟ್ ಕಾಣೆಯಾಗಿದೆ. ಕನ್ನಡ ಕಂಡೂ ಒತ್ತು ಒಡೆದಿದ್ದರೆ ಜೋಡಣೆಯನ್ನು ನೋಡಿ.

ಪತ್ತೆ ಹಚ್ಚುವುದು ಹೇಗೆ?

ಪಿಡಿಎಫ್ ಇದ್ದರೆ ಅಕ್ರೋಬ್ಯಾಟ್ ರೀಡರ್‌ನಲ್ಲಿ ತೆರೆದು ಕಂಟ್ರೋಲ್-ಡಿ ಒತ್ತಿ, ‘ಫಾಂಟ್ಸ್’ ಎಂಬ ಟ್ಯಾಬ್ ನೋಡಿ. ಪ್ರತಿ ಹೆಸರಿನ ಮುಂದೆ ‘ಎಂಬೆಡೆಡ್’ ಅಥವಾ ‘ಎಂಬೆಡೆಡ್ ಸಬ್‌ಸೆಟ್’ ಎಂದಿರಬೇಕು. ಹಾಗಿಲ್ಲದ ಹೆಸರು ಕಂಡರೆ ಆ ಪಿಡಿಎಫ್ ಪ್ರೆಸ್ಸಿಗೆ ಹೋಗಬಾರದು. ಲಿನಕ್ಸ್ ಬಳಸುವವರಿಗೆ ಪಾಪ್ಲರ್ ಜೊತೆ ಬರುವ ‘ಪಿಡಿಎಫ್‌ಫಾಂಟ್ಸ್’ ಕಮಾಂಡ್ ಇದೇ ಮಾಹಿತಿಯನ್ನು ಒಂದು ಕೋಷ್ಟಕವಾಗಿ ಕೊಡುತ್ತದೆ. ಹೆಸರಿನ ಹಿಂದೆ ಆರು ದೊಡ್ಡಕ್ಷರ ಮತ್ತು ಪ್ಲಸ್ ಚಿಹ್ನೆ ಇದ್ದರೆ ಗಾಬರಿ ಬೇಡ. ಬಳಸಿದ ಅಕ್ಷರಗಳನ್ನು ಮಾತ್ರ ಫೈಲಿನೊಳಗೆ ಸೇರಿಸಲಾಗಿದೆ ಎಂದರ್ಥ.

ಪಟ್ಟಿ ಖಾಲಿಯಿದ್ದರೆ ಅಕ್ಷರಗಳನ್ನು ಕರ್ವ್ಸ್‌ಗೆ ಬದಲಿಸಿರಬಹುದು, ಇಲ್ಲವೇ ಪುಟ ಬರೀ ಸ್ಕ್ಯಾನ್ ಆಗಿರಬಹುದು. ಕರ್ವ್ಸ್ ಮಾಡಿದರೆ ಮುದ್ರಣ ನಿಶ್ಚಿಂತೆ, ಆದರೆ ಮುಂದೆ ಒಂದಕ್ಷರ ತಿದ್ದುವುದಕ್ಕೂ ಆಗದು, ಹುಡುಕುವುದಕ್ಕೂ ಆಗದು.

ಇನ್‌ಡಿಸೈನ್‌ನ ಮೂಲ ಫೈಲು ಇದ್ದರೆ ‘ಟೈಪ್’ ಮೆನುವಿನಲ್ಲಿ ಫಾಂಟ್ ಹುಡುಕಿ ಬದಲಿಸುವ ಆಯ್ಕೆ ಎಲ್ಲ ಹೆಸರುಗಳನ್ನೂ ತೋರಿಸುತ್ತದೆ. ಕಾಣೆಯಾದ ಫಾಂಟಿನ ಪಠ್ಯಕ್ಕೆ ಗುಲಾಬಿ ಬಣ್ಣದ ಹಿನ್ನೆಲೆ ಬಿದ್ದಿರುತ್ತದೆ. ‘ಪ್ಯಾಕೇಜ್’ ಕೊಟ್ಟರೆ ಫಾಂಟ್, ಚಿತ್ರ ಎಲ್ಲ ಒಂದೇ ಫೋಲ್ಡರಿಗೆ ಸೇರುತ್ತವೆ. ಕೊಂಡ ಫಾಂಟಾದರೆ ಪ್ರೆಸ್ಸಿಗೆ ಪ್ರತಿ ಕೊಡಲು ಲೈಸೆನ್ಸ್ ಒಪ್ಪುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಪಟ್ಟಿಯಲ್ಲಿ ಏನೇನಿರಬೇಕು?

‘ನುಡಿ ಫಾಂಟ್’ ಎಂದಷ್ಟೇ ಬರೆದರೆ ಸಾಲದು. ಫಾಂಟಿನ ಪೂರ್ಣ ಹೆಸರು, ದಪ್ಪವೋ ಸಾದಾವೋ, ಹಳೆಯ ಸಂಕೇತವೋ ಯೂನಿಕೋಡೋ, ಯಾವ ಪುಟಗಳಲ್ಲಿದೆ, ಎಂಬೆಡ್ ಆಗಿದೆಯೇ ಎಂಬ ಐದು ಕಾಲಂ ಇರಲಿ. ಜೊತೆಗೆ ‘ಶ್ರೀಕೃಷ್ಣ’, ‘ಕರ್ನಾಟಕ’, ‘ಸ್ವಾತಂತ್ರ್ಯ’, ‘ಜ್ಞಾನ’ ಈ ನಾಲ್ಕು ಪದಗಳನ್ನು ಪ್ರತಿ ಫಾಂಟಿನಲ್ಲೂ ಪ್ರಿಂಟ್ ತೆಗೆದು ಅಂಟಿಸಿ ಕೊಡಿ. ಅರ್ಕಾವತ್ತು, ಒತ್ತಿನ ಮೇಲೊತ್ತು ಎಲ್ಲ ಅದರಲ್ಲಿವೆ. ಕನ್ನಡ ಬಾರದ ಆಪರೇಟರ್ ಕೂಡ ಆಕಾರ ಹೋಲಿಸಿ ‘ಇದು ಬೇರೆ ಕಾಣುತ್ತಿದೆ’ ಎನ್ನಬಲ್ಲರು. ಆದರೂ ಕೊನೆಯ ಪ್ರೂಫನ್ನು ಕನ್ನಡ ಬಲ್ಲವರೇ ಕಾಗದದ ಮೇಲೆ ಓದಲಿ.

ಈ ಪಟ್ಟಿಯ ಉಪಯೋಗ ಈ ವರ್ಷಕ್ಕಷ್ಟೇ ಅಲ್ಲ. ಹಿರಿಯರು ಇಪ್ಪತ್ತು ವರ್ಷದ ಹಿಂದೆ ಪೇಜ್‌ಮೇಕರ್‌ನಲ್ಲಿ ಮಾಡಿಟ್ಟ ಸಂಚಿಕೆಗಳ ಸಿಡಿ ಎಷ್ಟೋ ಮನೆಗಳಲ್ಲಿವೆ. ಫಾಂಟಿನ ಹೆಸರು ಗೊತ್ತಿದ್ದರೆ ಪಠ್ಯವನ್ನು ಪರಿವರ್ತಕಗಳ ಮೂಲಕ ಯೂನಿಕೋಡ್‌ಗೆ ತರಬಹುದು. ಗೊತ್ತಿಲ್ಲದಿದ್ದರೆ ಅವರ ಲೇಖನ, ನೆನಪು, ಊರಿನ ಹೆಸರು ಎಲ್ಲ ಬರೀ ಚಿಹ್ನೆಗಳ ರಾಶಿ. ಹಾಗಾಗಿ ಸಂಚಿಕೆ ಮುಗಿದೊಡನೆ ಮುದ್ರಣದ ಪಿಡಿಎಫ್, ಪ್ಯಾಕೇಜ್ ಫೋಲ್ಡರ್, ಫಾಂಟ್ ಪಟ್ಟಿ, ಲೇಖನಗಳ ಯೂನಿಕೋಡ್ ಪ್ರತಿ ನಾಲ್ಕನ್ನೂ ಒಟ್ಟಿಗೆ ಇಡಿ. ಮುಂದಿನ ಸಮಿತಿಗೆ ಅಧಿಕಾರ ಕೊಡುವಾಗ ಲೆಕ್ಕದ ಪುಸ್ತಕದ ಜೊತೆ ಅದನ್ನೂ ಕೊಡಿ.